ಕೋಳಿಗಾದರೂ ಹಾಕು

ನಮ್ಮ ಮನೆಯಲ್ಲಿ ಕಾಳುಕಡಿ ಚೆಲ್ಲುವ ಮಾತೇ ಇಲ್ಲ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಹುಳ ಹಿಡಿದ ಒಂದು ಸೇರು ಅಲಸಂದಿಯನ್ನು ಕಸಕ್ಕೆ ಸುರಿಯಹೋಗಿ ಅತ್ತೆಯವರ ಕಣ್ಣಿಗೆ ಬಿದ್ದೆ. ಅವರು ಬೈಯಲಿಲ್ಲ. ಮೊರವನ್ನು ನನ್ನ ಕೈಯಿಂದ ತೆಗೆದುಕೊಂಡು, "ಚೆಲ್ಲಬಾರದವ್ವಾ, ಭೂಮಿತಾಯಿ ಕೊಟ್ಟದ್ದು. ಯಾರಿಗೂ ಬ್ಯಾಡಂದ್ರ ಕೋಳಿಗರ ಹಾಕಸು" ಅಂದರು. ನಮ್ಮದು ಕೋಳಿ ಸಾಕುವ ಮನೆಯಲ್ಲ. ತತ್ತಿಯನ್ನು ಮುಟ್ಟುವ ಮನೆಯೂ ಅಲ್ಲ. ಆದರೂ 'ಕೋಳಿಗೆ ಹಾಕುವುದು' ಎಂಬುದು ನಮ್ಮ ಅಡಿಗೆಮನೆಯ ಭಾಷೆಯಲ್ಲಿ ಒಂದು ಕೊನೆಯ ಮೆಟ್ಟಿಲು.

ಮೆಟ್ಟಿಲು ಎಂದೆ. ನೀವೂ ನಿಮ್ಮ ನಿಮ್ಮ ಮನೆಗಳಲ್ಲಿ ಅದನ್ನು ನೋಡಿರುತ್ತೀರಿ. ಬಿಸಿ ರೊಟ್ಟಿ ಗಂಡಸರಿಗೆ, ಮಕ್ಕಳಿಗೆ. ಅಂಚು ಸೀದದ್ದು, ನಿನ್ನೆ ಉಳಿದದ್ದು ಮನೆಯ ಹೆಂಗಸಿಗೆ. ಅವಳೂ ಒಲ್ಲೆನೆಂದದ್ದು ಕಸಮುಸುರೆಗೆ ಬರುವವಳಿಗೆ. ಅದಕ್ಕೂ ಕೆಳಗಿನದು ಆಕಳಿಗೆ, ನಾಯಿಗೆ. ಎಲ್ಲರೂ ಬೇಡವೆಂದದ್ದು ಕೋಳಿಗೆ. ಯಾರೂ ಬರೆದಿಟ್ಟ ಕಾನೂನಲ್ಲ ಇದು, ಆದರೆ ಬರೆದಿಟ್ಟ ಕಾನೂನಿಗಿಂತ ಚೆನ್ನಾಗಿ ನಡೆಯುತ್ತದೆ. ಒಂದೊಂದು ಮೆಟ್ಟಿಲು ಇಳಿಸುವಾಗಲೂ ಕೊಡುವವಳಿಗೆ 'ದಂಡವಾಗಲಿಲ್ಲವಲ್ಲ' ಎಂಬ ಸಮಾಧಾನ. ಕೆಲವೊಮ್ಮೆ ಅದರ ಜೊತೆಗೆ ಚೂರು ಪುಣ್ಯ ಕಟ್ಟಿಕೊಂಡ ಭಾವನೆಯೂ ಇರುತ್ತದೆ. ನಾನು ಈಗ ಬರೆಯಹೊರಟಿರುವುದು ಆ ಸಮಾಧಾನದ ಬಗ್ಗೆಯೇ. ಅದು ನನಗೆ ಕೈಕೊಟ್ಟು ಕೆಲವು ವರ್ಷಗಳಾದವು.

2021ರ ನವೆಂಬರಿನ ಮಳೆ ನಿಮಗೆ ನೆನಪಿರಬಹುದು. ಕಾರ್ತಿಕ ಮಾಸದಲ್ಲಿ ಆಷಾಢದ ಹಾಗೆ ಸುರಿಯಿತು. ರಾಣೆಬೆನ್ನೂರು, ಹಾವೇರಿ ಕಡೆ ಅದು ಗೋವಿನಜೋಳ ಒಕ್ಕುವ ಹೊತ್ತು. ನೀವು ಆ ದಿನಗಳಲ್ಲಿ ದಾವಣಗೆರೆಯಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿದ್ದರೆ ಹೆದ್ದಾರಿಯ ಮಗ್ಗುಲಿನ ರಸ್ತೆಯ ತುಂಬ ಬಂಗಾರದ ಬಣ್ಣದ ಕಾಳು ಹರಡಿ ಒಣಗಿಸುವುದನ್ನು ನೋಡಿರುತ್ತೀರಿ. ಆ ವರ್ಷ ಹರಡಿದ್ದನ್ನು ಬಳಿಯುವುದೇ ಕೆಲಸವಾಯಿತು. ಬಳಿದು ತಾಡಪತ್ರಿ ಮುಚ್ಚುವುದು, ಬಿಸಿಲು ಕಂಡರೆ ಬಿಚ್ಚುವುದು, ಮೋಡ ಕಂಡರೆ ಮತ್ತೆ ಮುಚ್ಚುವುದು. ತಾಡಪತ್ರಿಯ ಕೆಳಗೆ ಹಸಿ ಕಾಳು ಬೆವರುತ್ತದೆ. ಕೈಯಿಟ್ಟರೆ ಒಳಗೆ ಬಿಸಿ. ಕಾಳಿನಲ್ಲಿರುವ ತೇವ ನೂರಕ್ಕೆ ಹದಿಮೂರು ಹದಿನಾಲ್ಕಕ್ಕೆ ಇಳಿಯುವವರೆಗೆ ಅದನ್ನು ಚೀಲಕ್ಕೆ ತುಂಬಬಾರದು ಎನ್ನುತ್ತಾರೆ ಬಲ್ಲವರು. ಆದರೆ ತುಂಬದೆ ಇಡುವುದು ಎಲ್ಲಿ?

ನನ್ನ ಮೈದುನ ಊರಿನಲ್ಲಿ ಒಕ್ಕಲುತನ ಮಾಡುತ್ತಾನೆ. ಅವನ ಮಾಲಿನಲ್ಲಿ ನಾಲ್ಕು ಚೀಲ ದಲಾಲಿ ಅಂಗಡಿಯಿಂದ ತಿರುಗಿ ಬಂದವು. ಊರಿಗೆ ಮತ್ತೆ ಹೊರುವ ಬಾಡಿಗೆ ದಂಡವೆಂದು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಗೆದು ಹೋದ. ನಾಲ್ಕಾರು ದಿನಕ್ಕೆ ಆ ಕೋಣೆಯ ಬಾಗಿಲು ತೆರೆದರೆ ಹಳೇ ನೆಲಮಾಳಿಗೆಯಂಥ ವಾಸನೆ. ಚೀಲ ಬಿಚ್ಚಿ ನೋಡಿದೆ. ಕಾಳಿನ ಮೂತಿಗೆ ಹಸಿರು ಬೂದಿ ಬಳಿದ ಹಾಗೆ ಬೂಷ್ಟು. ನಮ್ಮ ಕಡೆ ಬೂಸರ ಎನ್ನುತ್ತೇವೆ. ಕೈಯಾಡಿಸಿದರೆ ಪುಡಿ ಎದ್ದು ಸೀನು ಬಂತು.

ಮರುದಿನ ಬೆಳಿಗ್ಗೆ ಕಸಮುಸುರೆಗೆ ಬರುವಾಕೆಗೆ ಹೇಳಿದೆ: "ಎರಡು ಚೀಲ ಒಯ್ಯಿ, ನಿನ್ನ ಕೋಳಿಗೆ ಹಾಕ್ಕೋ." ಹದಿನೈದು ವರ್ಷದಿಂದ ನಮ್ಮ ಮನೆಗೆ ಬರುವವಳು ಅವಳು. ಹೆಸರು ಬರೆದರೆ ಸಂಕೋಚಪಟ್ಟಾಳು, ಬೇಡ. ಅವಳ ಹಿತ್ತಲಿನಲ್ಲಿ ಇಪ್ಪತ್ತರ ಹತ್ತಿರ ಜವಾರಿ ಕೋಳಿ, ಮರಿಗಳು ಬೇರೆ. ತತ್ತಿ ಮಾರಿ ಬಂದ ಹಣ ಗಂಡನ ಕೈಗೆ ಸಿಕ್ಕದ ಹಣ. ಸಂಜೆ ಮಗ ಸೈಕಲ್ಲಿನ ಮೇಲೆ ಹೇರಿಕೊಂಡು ಹೋದ. ಅತ್ತೆಯವರು ಕಟ್ಟೆಯ ಮೇಲೆ ಕೂತು ನೋಡಿ, "ಚಲೋ ಮಾಡಿದಿ" ಅಂದರು. ಅವರು ನನಗೆ ಹಾಗೆನ್ನುವುದು ವರ್ಷಕ್ಕೆ ಒಂದೆರಡು ಸಲ.

ಮೊದಲು ಮರಿಗಳು ಸತ್ತವು. ಆಮೇಲೆ ದೊಡ್ಡವು ಮಂಕಾದವು. "ಅಕ್ಕೋರ, ಯಾಕೋ ಕೋಳಿ ರೆಕ್ಕಿ ಜೋತುಬಿಟ್ಟು ಕುಂತಾವ್ರೀ, ತತ್ತಿ ಇಡೂದೂ ಬಿಟ್ಟಾವು" ಎಂದು ಅವಳು ಪಾತ್ರೆ ತಿಕ್ಕುತ್ತ ಹೇಳಿದಾಗ ನಾನು ಶಾಲೆಗೆ ಹೊರಟ ಅವಸರದಲ್ಲಿ, ಕೊಕ್ಕರೆ ರೋಗವಿರಬೇಕು, ಲಸಿಕೆ ಹಾಕಿಸು ಎಂದು ಉಪದೇಶ ಮಾಡಿ ಹೋದೆ. ಇಡುವ ನಾಲ್ಕಾರು ತತ್ತಿಯೂ ಪಾರಿವಾಳದ ತತ್ತಿಯ ಹಾಗೆ ಸಣ್ಣವು ಎಂದಳು. ಜುಟ್ಟು ಬಿಳಚಿಕೊಂಡಿತ್ತು. ಮೂರನೆಯ ವಾರ ಸತ್ತ ಒಂದು ಕೋಳಿಯನ್ನು ಚೀಲದಲ್ಲಿ ಸುತ್ತಿಕೊಂಡು ಅವಳ ಮಗ ದನದ ದವಾಖಾನೆಗೆ ಹೋದ. ಅಲ್ಲಿಯ ಡಾಕ್ಟರು ಒಳ್ಳೆಯವರು. ಕೊಯ್ದು ತೋರಿಸಿದರಂತೆ. ಕೆಂಪಗೆ ಇರಬೇಕಾದ ಲಿವರು ಉಬ್ಬಿ, ಹಳದಿಯಾಗಿ, ಮುಟ್ಟಿದರೆ ಮುರಿಯುವ ಹಾಗಿತ್ತು. "ಏನು ಹಾಕಿದ್ದಿರಿ ಇವಕ್ಕೆ?" ಎಂದು ಕೇಳಿದರಂತೆ. ಬೂಸರದ ವಿಷ ಇದ್ದಹಾಗಿದೆ, ಪ್ರಯೋಗಾಲಯಕ್ಕೆ ಕಳಿಸಿದರೆ ಖಾತ್ರಿಯಾಗುತ್ತದೆ ಎಂದರಂತೆ. ಇಪ್ಪತ್ತು ಕೋಳಿಗಾಗಿ ಯಾರು ಕಳಿಸುತ್ತಾರೆ? ಹುಡುಗ ಬಂದು ಇದನ್ನೆಲ್ಲ ನನ್ನ ಮುಂದೆ ಹೇಳುವಾಗ ತಾಯಿ ಅವನಿಗೆ ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳುತ್ತಿದ್ದಳು. ಕಾಳು ಕೊಟ್ಟವರ ಮುಂದೆ ಕಾಳಿನ ಮಾತು ಆಡಬಾರದು ಎಂಬುದು ಅವಳ ಮರ್ಯಾದೆ.

ನಾನು ಬಿ.ಎ. ಓದಿದವಳು, ಕನ್ನಡ ಕಲಿಸುವವಳು. ವಿಜ್ಞಾನ ನನ್ನ ಪಾಲಿಗೆ ಪಕ್ಕದ ತರಗತಿಯಿಂದ ಕೇಳಿಬರುವ ದನಿ ಅಷ್ಟೇ. ಆದರೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟರನ್ನು ಕಾಡಿ, ಅವರು ಕೊಟ್ಟದ್ದನ್ನು ಓದಿ, ತಿಳಿಯದ್ದನ್ನು ಕೇಳಿ ಅಷ್ಟಿಷ್ಟು ಕಲಿತೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವಂತೆ. ಕಾರಣ ತಿಳಿಯದೆ ಅದಕ್ಕೆ 'ಟರ್ಕಿ ಎಕ್ಸ್ ರೋಗ' ಎಂದು ಹೆಸರಿಟ್ಟರು. ಕೊನೆಗೆ ಸಿಕ್ಕ ಕಳ್ಳ, ಬ್ರೆಜಿಲ್ ದೇಶದಿಂದ ತರಿಸಿದ ಶೇಂಗಾ ಹಿಂಡಿಯಲ್ಲಿದ್ದ ಬೂಷ್ಟು. ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಆ ಬೂಷ್ಟಿನ ಹೆಸರಿನಿಂದ ಒಂದೆರಡು ಅಕ್ಷರ ಎತ್ತಿಕೊಂಡು ಅದು ಉಗುಳುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಕರೆದರು. ಬೂಷ್ಟನ್ನು ಒರೆಸಬಹುದು, ತೊಳೆಯಬಹುದು. ಕಾಳಿನ ಒಳಗೆ ಇಳಿದ ವಿಷ ಹಾಗೆ ಹೋಗುವುದಿಲ್ಲ. ನಮ್ಮ ಒಲೆಯ ಉರಿಗೂ ಅದು ಸಾಯುವುದಿಲ್ಲ.

ಎಷ್ಟಿದ್ದರೆ ಅಪಾಯ? ಕೋಳಿಯ ಮೇವಿನಲ್ಲಿ ನೂರು ಕೋಟಿ ಪಾಲಿಗೆ ಇಪ್ಪತ್ತು ಪಾಲು ಮೀರಬಾರದು ಎಂಬುದು ನಮ್ಮ ದೇಶದ ಅಳತೆ. ನನಗೆ ಕೋಟಿಯ ಲೆಕ್ಕ ತಲೆಗೆ ಹತ್ತಲಿಲ್ಲ. ಮೇಷ್ಟರು ಅಕ್ಕಿಯಲ್ಲಿ ಹೇಳಿದರು: ಹತ್ತು ಕ್ವಿಂಟಾಲ್ ಅಕ್ಕಿಯಲ್ಲಿ ಒಂದೇ ಒಂದು ಅಕ್ಕಿಕಾಳಿನಷ್ಟು. ಅಂಥ ವಿಷ. ಅದೂ ಎಲ್ಲ ಕಡೆ ಸಮನಾಗಿ ಇರುವುದಿಲ್ಲ. ಒಂದು ಕಾಳಿನಲ್ಲಿ ತುಂಬಿಕೊಂಡಿರುತ್ತದೆ, ಪಕ್ಕದ ಕಾಳಿನಲ್ಲಿ ಇಲ್ಲವೇ ಇಲ್ಲ. ಒಂದು ಹಿಡಿ ತೆಗೆದು ನೋಡಿ ಚೀಲಕ್ಕೆ ಸರ್ಟಿಫಿಕೇಟು ಕೊಡುವ ಹಾಗಿಲ್ಲ.

ತತ್ತಿ ಯಾಕೆ ನಿಂತಿತು ಎಂಬುದನ್ನು ಓದಿದಾಗ ನನಗೆ ಒಂಥರಾ ಆಯಿತು. ತತ್ತಿಯ ಹಳದಿ ಭಾಗಕ್ಕೆ ಬೇಕಾದ ಸಾಮಗ್ರಿಯೆಲ್ಲ ತಯಾರಾಗುವುದು ಕೋಳಿಯ ಲಿವರಿನಲ್ಲಂತೆ. ಅಲ್ಲಿಂದ ರಕ್ತದಲ್ಲಿ ಹರಿದು ಹೋಗಿ, ಒಂದೊಂದು ಹಳದಿಯೂ ವಾರ ಹತ್ತು ದಿನ ಬೆಳೆದು ತತ್ತಿಯಾಗುತ್ತದೆ. ಅಫ್ಲಾಟಾಕ್ಸಿನ್ ಹೋಗಿ ಹೊಡೆಯುವುದೂ ಅದೇ ಲಿವರನ್ನು. ಅಂದರೆ ತನ್ನ ಮೈಯನ್ನು ಕಾಯುವ ಕೆಲಸವನ್ನೂ, ಮುಂದಿನ ಜೀವಕ್ಕೆ ಬುತ್ತಿ ಕಟ್ಟುವ ಕೆಲಸವನ್ನೂ ಆ ಒಂದು ಅಂಗ ಮಾಡಬೇಕು. ಬೇರೆ ಜಾತಿಯ ಬೂಷ್ಟುಗಳ ಬೇರೆ ವಿಷಗಳು ಕಿಡ್ನಿಯನ್ನು ಹಿಡಿಯುತ್ತವೆ, ಬಾಯಲ್ಲಿ ಹುಣ್ಣು ಮಾಡುತ್ತವೆ, ಚಿಪ್ಪನ್ನು ತೆಳ್ಳಗೆ ಮಾಡುತ್ತವೆ. ಮೈಯ ರೋಗ ತಡೆಯುವ ಶಕ್ತಿಯೂ ಕುಂದುವುದರಿಂದ ಹಾಕಿಸಿದ ಲಸಿಕೆಯೂ ಸರಿಯಾಗಿ ಹತ್ತುವುದಿಲ್ಲವಂತೆ. ನನ್ನ ಉಪದೇಶ ನೆನಪಾಯಿತು.

ಈಗ ಪ್ರಶ್ನೆಗೆ ಬರುತ್ತೇನೆ. ನಾನು ತಪ್ಪು ಮಾಡಿದೆನೆ?

ನನ್ನ ಯಜಮಾನರು ವಕೀಲರ ಹಾಗೆ ಮಾತಾಡುವವರು. "ನಿನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದೆ ಮಾಡಿದ್ದು ತಪ್ಪಲ್ಲ" ಎಂದರು. ಅಫ್ಲಾಟಾಕ್ಸಿನ್ ಎಂಬ ಹೆಸರು ಗೊತ್ತಿರಲಿಲ್ಲ, ನಿಜ. ಆದರೆ ಬಾಗಿಲು ತೆರೆದಾಗ ಬಂದ ವಾಸನೆ ಗೊತ್ತಿತ್ತು. ಆ ಕಾಳನ್ನು ಬೀಸಿ ನನ್ನ ಮಕ್ಕಳಿಗೆ ರೊಟ್ಟಿ ಮಾಡಿಕೊಡಲಾರೆ ಎಂಬುದು ಗೊತ್ತಿತ್ತು. ಅಷ್ಟು ಗೊತ್ತಿದ್ದದ್ದು ಸಾಲದೇ? ನಮ್ಮ ಮೂಗು ನಮ್ಮ ತಟ್ಟೆಯ ಮಟ್ಟಿಗೆ ಎಷ್ಟು ಚುರುಕು! ಮುಂದಿನ ಮೆಟ್ಟಿಲಿಗೆ ಇಳಿಸುವಾಗ ಅದಕ್ಕೇ ನೆಗಡಿ ಬರುತ್ತದೆ.

ಅಕ್ಕಪಕ್ಕದ ಓದಿದ ಗೆಳತಿಯರು ಬೇರೆ ಮಾತು ಹೇಳುತ್ತಾರೆ. ಕೋಳಿಗೆ ಹಾಕಿದ ವಿಷ ತತ್ತಿಯಲ್ಲಿ ನಮಗೇ ತಿರುಗಿ ಬರುತ್ತದೆ, ಅದಕ್ಕೇ ಹಾಕಬಾರದು ಎನ್ನುತ್ತಾರೆ. ಮಾಡಿದ್ದುಣ್ಣೋ ಮಹಾರಾಯ. ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ಆದರೆ ನಾನು ಓದಿ ತಿಳಿದ ಮಟ್ಟಿಗೆ ಇದು ಅರ್ಧ ಸತ್ಯ. ಆಕಳು ತಿಂದ ವಿಷದ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ತತ್ತಿಗೆ ಇಳಿಯುವುದು ಅದಕ್ಕಿಂತ ತೀರ ಕಡಿಮೆ. ಬಹುಪಾಲನ್ನು ಕೋಳಿ ತಾನೇ ಅರಗಿಸಿಕೊಳ್ಳಲು ಹೆಣಗುತ್ತದೆ. ತಾನು ಬೆಂದು ನಮ್ಮ ತತ್ತಿಯನ್ನು ಶುದ್ಧವಾಗಿಡುತ್ತದೆ ಎನ್ನಿ. ಇನ್ನು ನನ್ನ ಮಟ್ಟಿಗೆ ನೋಡಿದರೆ, ತತ್ತಿ ತಿನ್ನದ ಮನೆ ನಮ್ಮದು. ಆ ವಿಷ ಯಾವ ದಾರಿಯಲ್ಲಿ ಬಂದರೂ ನನ್ನ ತಟ್ಟೆಗೆ ಬರುವುದಿಲ್ಲ. ತಿರುಗಿ ಬರುವ ಭಯವೊಂದೇ ಧರ್ಮಕ್ಕೆ ಆಧಾರವಾದರೆ ನಾನು ನಿಶ್ಚಿಂತಳು. ಹಾಗಿದ್ದರೂ ನಿದ್ದೆ ಯಾಕೆ ಬರಲಿಲ್ಲ?

ನಚಿಕೇತನ ಕತೆಯನ್ನು ನಾನು ಎಷ್ಟು ವರ್ಷ ಮಕ್ಕಳಿಗೆ ಹೇಳಿದ್ದೇನೋ. ಅಪ್ಪ ಯಜ್ಞ ಮಾಡಿ ಮುದಿಯಾದ, ಬತ್ತಿದ ಹಸುಗಳನ್ನು ದಾನ ಕೊಡುತ್ತಾನೆ. ಮಗನಿಗೆ ಅದು ಚುಚ್ಚುತ್ತದೆ, ನನ್ನನ್ನು ಯಾರಿಗೆ ಕೊಡುತ್ತೀ ಎಂದು ಅಪ್ಪನನ್ನು ಕಾಡುತ್ತಾನೆ. ಅಲ್ಲಿಂದ ಕತೆ ಯಮನ ಮನೆಗೆ ಹೋಗಿಬಿಡುತ್ತದೆ, ಆತ್ಮದ ವಿಚಾರ ಶುರುವಾಗುತ್ತದೆ, ಹಸುಗಳು ಮರೆತುಹೋಗುತ್ತವೆ. ಆ ಹಸುಗಳನ್ನು ಪಡೆದವರು ಏನು ಮಾಡಿದರು? ಮನೆಗೆ ಹೊಡೆದುಕೊಂಡು ಹೋಗಿ, ಹುಲ್ಲು ಹಾಕಿ, ಬೆಳಿಗ್ಗೆ ತಂಬಿಗೆ ಹಿಡಿದು ಕೂತರೆ? ಬೇಡ ಎಂದು ಹೇಳುವ ಬಾಯಿ ಅವರಿಗಿತ್ತೆ? ಪಾಠದ ಕೊನೆಯ ಅಭ್ಯಾಸದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿಲ್ಲ, ನಾನೂ ಕೇಳಿರಲಿಲ್ಲ.

ಕೋಳಿಗೆ ಬಾಯಿಲ್ಲ ಎನ್ನುತ್ತೇವೆ. ಅದೂ ಪೂರ್ತಿ ನಿಜವಲ್ಲ. ಅವಳೇ ಆಮೇಲೆ ಹೇಳಿದಳು, ಮೊದಮೊದಲು ಕೋಳಿಗಳು ಬೂಸರದ ಕಾಳು ಬಿಟ್ಟು ಚಲೋ ಕಾಳು ಆರಿಸುತ್ತಿದ್ದವಂತೆ. ಮಳೆಗೆ ಬುಟ್ಟಿಯಡಿ ಮುಚ್ಚಿದ ಮೇಲೆ ಹಾಕಿದ್ದನ್ನೆಲ್ಲ ತಿಂದವು. ಹಿತ್ತಲಲ್ಲಿ ಕೆದರಿಕೊಂಡಿರುವ ಕೋಳಿಗೆ ಬೇಡ ಎನ್ನುವ ಸ್ವಾತಂತ್ರ್ಯ ಇಷ್ಟಾದರೂ ಇದೆ. ಫಾರ್ಮಿನ ಕೋಳಿಗೆ ಅದೂ ಇಲ್ಲ. ತಂತಿಯ ಪಂಜರದಲ್ಲಿ ನಿಂತು, ದಿನಕ್ಕೆ ನೂರು ಗ್ರಾಂ ಮೇವು ತಿಂದು, ವರ್ಷಕ್ಕೆ ಮುನ್ನೂರು ತತ್ತಿ ಕೊಡುವ ಅದರ ಮುಂದೆ ಇರುವುದು ಒಂದೇ ದೋಣಿ. ಅದರಲ್ಲಿ ಬಿದ್ದದ್ದೇ ಪ್ರಪಂಚ.

ಉಳಿದ ಎರಡು ಚೀಲದ ಮಾತು ಹೇಳಬೇಕು. ಆ ವಾರವೇ ಒಬ್ಬ ವ್ಯಾಪಾರಿ ಮನೆಗೆ ಬಂದ. ಅರ್ಧ ದರಕ್ಕೆ ಒಯ್ಯುತ್ತೇನೆ, ಕೋಳಿ ಮೇವಿಗೆ ಹೋಗುತ್ತದೆ, ಒಂದಕ್ಕೆ ಐವತ್ತು ಚೀಲ ಒಳ್ಳೆಯದರಲ್ಲಿ ಕಲಸಿದರೆ ಯಾರಿಗೂ ತಿಳಿಯುವುದಿಲ್ಲ ಎಂದ. ಲೆಕ್ಕವೇನೋ ಸರಿ. ಕಲಸಿದರೆ ಒಂದೊಂದು ಕೋಳಿಯ ಪಾಲಿಗೆ ಬರುವುದು ಕಡಿಮೆಯೇ. ಪಾಪವನ್ನು ಸಣ್ಣ ಸಣ್ಣ ಚೂರು ಮಾಡಿ ಹಂಚಿದರೆ ಪಾಪ ಉಳಿಯುವುದಿಲ್ಲವೆ? ಎಲ್ಲರೂ ಒಂದಕ್ಕೆ ಐವತ್ತು ಎಂದು ತಮ್ಮ ತಮ್ಮ ಒಂದನ್ನು ತಂದು ಹಾಕಿದರೆ ಐವತ್ತನ್ನು ಯಾರು ತರುತ್ತಾರೆ? ನನ್ನ ಮೈದುನನಿಗೆ ಕೊಡುವ ಮನಸ್ಸಿತ್ತು, ಅವನನ್ನು ನಾನು ದೂರಲಾರೆ. ತಿಂಗಳು ಸಂಬಳ ಎಣಿಸುವ ನನಗೆ ಎರಡು ಚೀಲ ತಿಪ್ಪೆಗೆ ಎಂದರೆ ಒಂದು ಒಳ್ಳೆಯ ಮಾತು, ಅವನಿಗೆ ಅದು ಬೀಜದ ಸಾಲ. ಕೊನೆಗೆ ಅರ್ಧ ದರವನ್ನು ನಾನೇ ಅವನ ಕೈಗಿಟ್ಟು, ಊರಿನ ತಿಪ್ಪೆಗುಂಡಿಯಲ್ಲಿ ಹಾಕಿ ಮೇಲೆ ಮಣ್ಣು ಎಳೆಸಿದೆ. ಅತ್ತೆಯವರು ಆ ರಾತ್ರಿ ಊಟ ಮಾಡಲಿಲ್ಲ. ಅವರದೂ ಒಂದು ಧರ್ಮವೇ, ನನ್ನದಕ್ಕಿಂತ ಹಳೆಯದು.

ಅಂದು ಆ ವ್ಯಾಪಾರಿ ತತ್ತಿಯ ಮಾತು ಎತ್ತಿದಾಗ ನಮಗೇನು ಎಂದುಕೊಂಡಿದ್ದೆ. ಅದೇ ಡಿಸೆಂಬರಿನಲ್ಲಿ ಬೀದರ, ರಾಯಚೂರು ಕಡೆಯ ಶಾಲೆಗಳ ಬಿಸಿಯೂಟಕ್ಕೆ ತತ್ತಿ ಬಂತು. ಮುಂದೆ ನಮ್ಮ ಕಡೆಗೂ ಬಂತು. ಮಕ್ಕಳು ತತ್ತಿ ಸುಲಿಯುವುದನ್ನು ನೋಡುತ್ತ ನಿಲ್ಲುವುದು ಈಗ ನನ್ನ ಕೆಲಸದಲ್ಲೊಂದು. ಕೆಲವರು ಬಿಳಿಯದನ್ನು ಮೊದಲು ತಿಂದು ಹಳದಿಯನ್ನು ಕೊನೆಗೆಂದು ಅಂಗೈಯಲ್ಲಿ ಇಟ್ಟುಕೊಂಡಿರುತ್ತಾರೆ.

ಕೋಳಿಯ ಮೆಟ್ಟಿಲಿಗೂ ಮನುಷ್ಯರ ಮೆಟ್ಟಿಲಿಗೂ ನಡುವೆ ಗೋಡೆ ಇದೆ ಎಂದು ನಾನು ನಂಬಿದ್ದೆ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಹೀಗೆಯೇ ಅಕಾಲದ ಮಳೆಗೆ ನೆನೆದು ಬೂಷ್ಟು ಹಿಡಿದ ಗೋವಿನಜೋಳವನ್ನು ಉಂಡು 397 ಜನ ಕಾಮಾಲೆಯಾಗಿ ಹೊಟ್ಟೆ ಊದಿ ಮಲಗಿದರು, 106 ಜನ ತೀರಿಹೋದರು. ಬಹುಪಾಲು ಆದಿವಾಸಿಗಳು. ಅದೇ ಮನೆಗಳ ನಾಯಿಗಳಿಗೂ ಅದೇ ರೋಗ. 1995ರಲ್ಲಿ ನಮ್ಮ ದಖನ್ನಿನ ಹಳ್ಳಿಗಳಲ್ಲೇ ಮಳೆಗೆ ಸಿಕ್ಕಿದ ಜೋಳ, ಗೋವಿನಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಹತ್ತಿತು. ಅದು ಬೇರೆ ಬೂಷ್ಟು, ಬೇರೆ ವಿಷ. ಹೈದರಾಬಾದಿನ ವಿಜ್ಞಾನಿಗಳು ಆ ಮನೆಗಳ ಕಾಳನ್ನೇ ತಂದು ಒಂದು ದಿನದ ಕೋಳಿಮರಿಗಳಿಗೆ ತಿನ್ನಿಸಿದಾಗ ಅವಕ್ಕೂ ಭೇದಿಯಾಯಿತು. ಆ ಜನರೆಲ್ಲ ಬೂಷ್ಟು ಕಾಣದೆ ತಿಂದರೆಂದು ನನಗನಿಸುವುದಿಲ್ಲ. ಮನೆಯಲ್ಲಿ ಇದ್ದದ್ದು ಅದೇ.

ಇದನ್ನು ಓದಿದ ದಿನ ಬೆಳಿಗ್ಗೆ ಅವಳು ಬಂದಾಗ ಹೊಳೆದದ್ದನ್ನು ಕೇಳಿಯೇಬಿಟ್ಟೆ: "ಆ ಚೀಲದಾಗಿಂದ ಮನೀಗೆ ಏನರ ತಗೊಂಡೀಯೇನು?"

ಅವಳು ಪಾತ್ರೆಯ ಮೇಲಿನ ಕೈ ನಿಲ್ಲಿಸಲಿಲ್ಲ. "ಚಲೋ ಚಲೋ ಕಾಳು ಆರಿಸಿ ತೊಳದು ಒಣಗಿಸಿ ನುಚ್ಚು ಒಡಸಿದ್ವಿರೀ. ಮಗಳು ಬಾಣಂತನಕ್ಕ ಬಂದಾಳಲ್ಲ, ಖರ್ಚು ಭಾಳ."

"ನಿನಗ ಬೂಸರ ಕಾಣಲಿಲ್ಲೇನು?"

"ಕಾಣ್ತರೀ. ನೀವು ಕೊಟ್ಟದ್ದನ್ನ ಬ್ಯಾಡ ಅನ್ನಾಕ ಆಗತೈತೇನ್ರೀ ಅಕ್ಕೋರ?"

ನಾನು ಕೋಳಿಗೆಂದು ಕೊಟ್ಟದ್ದು ಒಂದು ಬಸುರಿಯ ತಟ್ಟೆಯಲ್ಲಿತ್ತು. ಇನ್ನೂ ಉಳಿದದ್ದನ್ನು ಅವತ್ತೇ ತರಿಸಿ ಮಣ್ಣಿಗೆ ಹಾಕಿಸಿದೆ. ಹುಡುಗಿಯನ್ನು ಡಾಕ್ಟರಿಗೆ ತೋರಿಸಿದೆ. ಅವರು ಏನೂ ಕಾಣುವುದಿಲ್ಲ ಎಂದರು. ಮಗು ಹುಟ್ಟಿತು, ಆಡಿಕೊಂಡಿದೆ. ಕೋಳಿಯ ಹಣವನ್ನು ಎಣಿಸಿ ಕೊಟ್ಟೆ. ಅವಳು ಬೇಡ ಬೇಡವೆಂದು ತೆಗೆದುಕೊಂಡಳು. ಆ 'ಬೇಡ'ವನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ಅವಳೂ ಹಿಡಿಯಲಿ ಎಂದು ಹೇಳಿದ್ದಲ್ಲ. ಬದುಕಿದ ಏಳೆಂಟು ಕೋಳಿಗಳು ತಿಂಗಳಾದ ಮೇಲೆ ಒಂದೊಂದಾಗಿ ತತ್ತಿಗೆ ಕೂತವು.

ಈ ವರ್ಷ ಸುಗ್ಗಿಯ ಹೊತ್ತಿಗೆ ಅವಳು ಕೂಲಿಗೆ ಹೋದ ಹೊಲದಿಂದ ಬಂದ ಹೊಸ ಬಿಳಿಜೋಳ ಒಂದು ಸಣ್ಣ ಗಂಟು ಕಟ್ಟಿಕೊಂಡು ಬಂದಳು. ಹಸನು ಮಾಡಿದ್ದಳು, ಒಂದು ಕಡ್ಡಿಯಿಲ್ಲ, ಕಲ್ಲಿಲ್ಲ. ಗಂಟು ಬಿಚ್ಚಿ ಒಂದು ಹಿಡಿ ಎತ್ತಿದವಳು ನಾನು, ಈಚೆಗೆ ಆಗಿಹೋದ ಅಭ್ಯಾಸಬಲದಿಂದ ಮೂಗಿನ ಹತ್ತಿರ ಹಿಡಿದೆ. ಹಿಡಿದ ಮೇಲೆ ಅವಳು ನೋಡುತ್ತಿದ್ದದ್ದು ಗಮನಕ್ಕೆ ಬಂತು.

"ಚಲೋ ಅದಾವ್ರೀ ಅಕ್ಕೋರ" ಎಂದು ಅವಳು ನಕ್ಕಳು. "ನಾವು ಉಣ್ಣೋದ್ರಾಗಿಂದನ ತಂದೀನಿ."